ಲಕ್ಕವಳ್ಳಿಯಲ್ಲಿ ಶರತ್ಕಾಲ

ನಮ್ಮ ಕವಿಗಳ ಪಾಲಿಗೆ ಶರದೃತುವೆಂದರೆ ನೀರು ಇಳಿಯುವ ಕಾಲ. ಮಳೆಗಾಲದಲ್ಲಿ ಕೆಂಪಾಗಿ, ಕಲಕಿ, ದಡ ಮೀರಿ ಹರಿದ ಹೊಳೆಗಳು ಆಶ್ವಯುಜ ಬಂತೆಂದರೆ ತಿಳಿಯಾಗಿ ತಮ್ಮ ಪಾತ್ರಕ್ಕೆ ಹಿಂದಿರುಗುತ್ತವೆ. ಮರಳದಿಣ್ಣೆಗಳು ಒಂದೊಂದಾಗಿ ತಲೆಯೆತ್ತುತ್ತವೆ. ಅವುಗಳ ಮೇಲೆ ಹಕ್ಕಿಗಳು ಬಂದಿಳಿಯುತ್ತವೆ. ವಾಲ್ಮೀಕಿ ಕಿಷ್ಕಿಂಧಾಕಾಂಡದಲ್ಲಿ ಇದನ್ನು ಹೇಳಿದ. ಕಾಳಿದಾಸ ಋತುಸಂಹಾರದಲ್ಲಿ ಹೇಳಿದ. ಆ ಜಾಡಿನಲ್ಲಿ ನಮ್ಮ ಚಂಪೂಕವಿಗಳೂ ನಡೆದರು. ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳು ಬೇಕು, ಋತುವರ್ಣನೆ, ವನವಿಹಾರ, ಜಲಕ್ರೀಡೆಗಳು ಅವುಗಳಲ್ಲಿ ಸೇರಿವೆ ಎಂದು ಮೂವತ್ತು ವರ್ಷ ತರಗತಿಯಲ್ಲಿ ಪಾಠ ಹೇಳಿದವನು ನಾನು. ಆ ಮೂರನ್ನೂ ಒಂದೇ ಕಡೆ, ಅದೂ ಬಾಡಿಗೆ ಕೊಟ್ಟು, ಅನುಭವಿಸುವ ಯೋಗ ನಿವೃತ್ತನಾದ ಮೇಲೆ ಒದಗಿತು. ಆದರೆ ಅಲ್ಲಿ ಕಂಡ ಶರತ್ತು ಪುಸ್ತಕದ ಶರತ್ತಿಗೆ ತಿರುಗುಮುರುಗಾಗಿತ್ತು. ಅದೇ ಈ ಹೊತ್ತಿನ ನನ್ನ ಮಾತು.

ನಾನು ಕಡೂರಿನವನು. ಕಡೂರೆಂದರೆ ಬಯಲುಸೀಮೆ, ರಾಗಿ, ತೆಂಗು, ಆಕಾಶ ನೋಡುವ ಜನ. ಬೀರೂರು ದಾಟಿ ತರೀಕೆರೆಯ ದಾರಿ ಹಿಡಿದರೆ ಬೆಟ್ಟಗಳು ಹತ್ತಿರವಾಗುತ್ತವೆ, ಅಡಿಕೆ ತೋಟಗಳು ಕಾಣಿಸಿಕೊಳ್ಳುತ್ತವೆ, ಗಾಳಿಯ ವಾಸನೆಯೇ ಬದಲಾಗುತ್ತದೆ. ತರೀಕೆರೆಯಿಂದ ಲಕ್ಕವಳ್ಳಿಗೆ ಸುಮಾರು 20 ಕಿಲೋಮೀಟರು. ಸಮೀಪದಲ್ಲೇ ಅಮೃತಾಪುರವಿದೆ, 1196ರ ಅಮೃತೇಶ್ವರ ದೇವಾಲಯವಿದೆ, ಅಲ್ಲಿಯ ಶಾಸನದಲ್ಲಿ ಜನ್ನನ ಪದ್ಯಗಳಿವೆ. ಅತ್ತ ಮುಖ ಹಾಕದೆ ಹಕ್ಕಿ ನೋಡಲು ಹೊರಟ ಕನ್ನಡ ಮೇಷ್ಟರನ್ನು ಕವಿಚಕ್ರವರ್ತಿ ಕ್ಷಮಿಸಲಿ. ದಸರೆಯ ರಜೆಗೆಂದು ಬೆಂಗಳೂರಿನಿಂದ ಬಂದಿದ್ದ ಹತ್ತು ವರ್ಷದ ಮೊಮ್ಮಗನ ಹಟ ಅದು. ಲಕ್ಕವಳ್ಳಿಯ ಹೆಸರು ನಮ್ಮ ಮನೆಯಲ್ಲಿ ಬೇರೊಂದು ಕಾರಣಕ್ಕೆ ಹಳೆಯದು. ಅದನ್ನು ಆಮೇಲೆ ಹೇಳುತ್ತೇನೆ.

ಗಂಗಾಮೂಲದಲ್ಲಿ ಹುಟ್ಟಿ ಕೂಡಲಿಯಲ್ಲಿ ತುಂಗೆಯನ್ನು ಸೇರುವ ಭದ್ರೆಗೆ ಲಕ್ಕವಳ್ಳಿಯಲ್ಲಿ ಅಣೆಕಟ್ಟು ಕಟ್ಟಿದ್ದಾರೆ. 1940ರ ದಶಕದ ಕೊನೆಯಲ್ಲಿ ತೊಡಗಿದ ಕೆಲಸ 1960ರ ದಶಕದಲ್ಲಿ ಮುಗಿಯಿತು. ಪೂರ್ಣಮಟ್ಟ 186 ಅಡಿ; ಹಿಡಿಯುವ ನೀರು 71 ಟಿ.ಎಂ.ಸಿ.ಗೂ ಮಿಗಿಲು. ಹಿನ್ನೀರಿನ ಸುತ್ತ ಭದ್ರಾ ಅಭಯಾರಣ್ಯ. ಮೊದಲು 1951ರಲ್ಲಿ ಜಾಗರ ಕಣಿವೆಯ ಅಭಯಾರಣ್ಯವಾಗಿ, 1974ರಲ್ಲಿ ವಿಸ್ತಾರಗೊಂಡು ಭದ್ರಾ ಎಂಬ ಹೆಸರು ಪಡೆದು, 1998ರಲ್ಲಿ ಹುಲಿ ಯೋಜನೆಗೆ ಸೇರಿತು. ನೀರಿನ ಅಂಚಿನ ಗುಡ್ಡದ ಮೇಲೆ ಜಂಗಲ್ ಲಾಡ್ಜಸ್ ಸಂಸ್ಥೆಯ ವಸತಿಯಿದೆ. ಅದರ ಹೆಸರು ರಿವರ್ ಟರ್ನ್ ಲಾಡ್ಜ್. ರಿವರ್ ಟರ್ನ್ ಎಂದರೆ ಹೊಳೆಯ ತಿರುವು ಎಂದೇ ನಾನು ಬಹುಕಾಲ ತಿಳಿದಿದ್ದೆ. ಅಲ್ಲ, ಅದೊಂದು ಹಕ್ಕಿ; ಕನ್ನಡದಲ್ಲಿ ನದಿರೀವ. ಬೂದು ಬೆನ್ನು, ಕರಿಯ ಟೋಪಿ, ಹಳದಿ ಕೊಕ್ಕು, ಕೆಂಪು ಕಾಲು, ಕವಲೊಡೆದ ಬಾಲ. ನೀರಿನ ಮೇಲೆ ತೇಲಿದಂತೆ ಹಾರುತ್ತ ಥಟ್ಟನೆ ಮೀನಿಗೆ ಎರಗುತ್ತದೆ.

ಮೊದಲ ಬೆಳಗ್ಗೆ ಐದೂವರೆಗೆ ಚಹಾ ಬಂತು. ಮಂಜು ನೀರಿನ ಮೇಲೆ ಹತ್ತಿಯ ಹಾಗೆ ಹರಡಿತ್ತು. ಎದುರಿನ ಬೆಟ್ಟಗಳಿಗೆ ಬುಡವೇ ಇರಲಿಲ್ಲ. ಒಂದು ಹೊತ್ತು ಯಂತ್ರದ ದೋಣಿ, ಒಂದು ಹೊತ್ತು ಜೀಪು. ನಡುವೆ ಊಟ, ನಿದ್ದೆ, ಜಗಲಿಯ ಕುರ್ಚಿ, ಇದು ಅಲ್ಲಿಯ ದಿನಚರಿ. ದೋಣಿ ಹತ್ತಿದ ಕೂಡಲೇ ಮೊಮ್ಮಗ, "ತಾತ, ಆ ಹಕ್ಕಿ ಎಲ್ಲಿ?" ಎಂದ. ಬೋರ್ಡಿನಲ್ಲಿ ಇದ್ದ ಹಕ್ಕಿ ನೀರಿನಲ್ಲಿ ಇರಲಿಲ್ಲ. ಮುಳುಗಿ ಸತ್ತ ಮರಗಳ ಬೋಳು ಕೊಂಬೆಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದವು. ಬಹುದೂರದಿಂದ ಚಳಿಗಾಲ ಕಳೆಯಲು ಬರುವ ಮೀನುಗಿಡುಗವೊಂದು ಅಷ್ಟು ಬೇಗನೆ ಬಂದು ತನ್ನ ಕೊಂಬೆ ಹಿಡಿದಿತ್ತು. ನದಿರೀವಗಳು ಮಾತ್ರ ದೂರದಲ್ಲಿ ಎರಡೋ ಮೂರೋ ಹಾರಿಹೋದವು, ಅಷ್ಟೆ.

ದೋಣಿ ನಡೆಸುತ್ತಿದ್ದ ಯುವಕ ಹೇಳಿದ: "ಅವು ಮನೆ ಮಾಡೋ ಜಾಗ ಈಗ ನಮ್ಮ ದೋಣಿ ಕೆಳಗೈತೆ ಪುಟ್ಟ."

ಅವನ ಮಾತು ಅಕ್ಷರಶಃ ನಿಜ. ಈ ಹಕ್ಕಿ ಮರದಲ್ಲಿ ಗೂಡು ಕಟ್ಟುವುದಿಲ್ಲ. ಬರಿಯ ನೆಲದಲ್ಲಿ ಕೆದರಿದ ತಗ್ಗಿನಲ್ಲಿ ಎರಡೋ ಮೂರೋ ಮೊಟ್ಟೆ ಇಡುತ್ತದೆ. ನರಿ ನಾಯಿಗಳು ಬಾರದಂತೆ ಸುತ್ತ ನೀರಿರಬೇಕು. ಮೊಟ್ಟೆಗೆ ತಾಗದಂತೆ ನೆಲ ಒಣಗಿರಬೇಕು. ಹಿಂದೆ ಹೊಳೆಯ ನಡುವಣ ಮರಳದಿಣ್ಣೆ ಅದಕ್ಕೆ ಅಂಥ ಜಾಗವಾಗಿತ್ತು. ಈಗ ಭದ್ರೆಯ ಹಿನ್ನೀರಿನಲ್ಲಿ ಮುಳುಗಿದ ಗುಡ್ಡಗಳ ನೆತ್ತಿಗಳು ಆ ಕೆಲಸ ಮಾಡುತ್ತವೆ. ಬೇಸಿಗೆ ಬೆಳೆಗೆ ನಾಲೆಗಳಲ್ಲಿ ನೀರು ಬಿಟ್ಟಂತೆಲ್ಲ ಈ ನೆತ್ತಿಗಳು ದ್ವೀಪಗಳಾಗಿ ಮೇಲೇಳುತ್ತವೆ. ಸಾವಿರಾರು ಹಕ್ಕಿಗಳು ಅಲ್ಲಿ ಸಂಸಾರ ಹೂಡುತ್ತವೆ. ಮುಂಗಾರಿನ ನೀರು ಏರುವುದರೊಳಗೆ ಮರಿಗಳು ಹಾರಬೇಕು. ದಾವಣಗೆರೆಯ ಬಯಲಿನಲ್ಲಿ ಭತ್ತಕ್ಕೆ ಎಷ್ಟು ನೀರು, ಯಾವ ದಿನದಿಂದ ಎಂದು ಸಭೆ ಸೇರಿ ತೀರ್ಮಾನಿಸುವವರು ತಮಗೆ ಅರಿವಿಲ್ಲದೆಯೇ ಈ ಹಕ್ಕಿಯ ಬಾಣಂತನದ ಮುಹೂರ್ತವನ್ನೂ ಇಟ್ಟಿರುತ್ತಾರೆ. ಜಗತ್ತಿನಲ್ಲಿ ಈ ಜಾತಿ ಕ್ಷೀಣಿಸುತ್ತಿದೆ ಎಂದು ಪಕ್ಷಿತಜ್ಞರು ಹೇಳುವಾಗ ಇದು ಸಣ್ಣ ಮಾತಲ್ಲ.

ಕವಿಗಳ ಶರತ್ತಿನಲ್ಲಿ ದಿಣ್ಣೆ ತಲೆಯೆತ್ತಬೇಕು. ಲಕ್ಕವಳ್ಳಿಯ ಶರತ್ತಿನಲ್ಲಿ ದಿಣ್ಣೆಗಳೆಲ್ಲ ಮುಳುಗಿರುತ್ತವೆ. ಮಳೆ ನಿಂತರೂ ನೀರು ಇಳಿಯುವುದಿಲ್ಲ. ಆಕಾಶವೇನೋ ವಾಲ್ಮೀಕಿಯದೇ, ತೊಳೆದಿಟ್ಟ ಖಡ್ಗದಂತೆ. ನೀರು ಮಾತ್ರ ಎಂಜಿನಿಯರರದು.

ವಸತಿಗೆ ಬಂದವರಲ್ಲಿ ಕೆಲವರು ಕಾಡುಪ್ರಾಣಿ ಕಾಣಲಿಲ್ಲವೆಂದು ಸಪ್ಪೆ ಮೋರೆ ಮಾಡಿದ್ದರು. ಅದಕ್ಕೂ ಇದೇ ಕಾರಣ. ಬೇಸಿಗೆಯಲ್ಲಿ ನೀರು ಹಿಂದೆ ಸರಿದ ಅಂಚಿನಲ್ಲಿ ಎಳೆಯ ಹುಲ್ಲು ಚಿಗುರುತ್ತದೆ. ಕಾಡಿನೊಳಗಿನ ಹಳ್ಳಗಳು ಬತ್ತಿರುತ್ತವೆ. ಆನೆಗಳು ಹಿಂಡುಹಿಂಡಾಗಿ ದಡಕ್ಕೆ ಬರುತ್ತವೆ. ಶರತ್ಕಾಲದಲ್ಲಿ ಕಾಡಿನ ಒಂದೊಂದು ಹಳ್ಳದಲ್ಲೂ ನೀರು, ಕಾಲಿಟ್ಟಲ್ಲೆಲ್ಲ ಮೇವು. ಆನೆಗೆ ನಮ್ಮ ಮುಂದೆ ಬಂದು ನಿಲ್ಲುವ ದರ್ದೇನು? ಕಾಣದಿರುವುದು ಕಾಡಿನ ಸುಭಿಕ್ಷದ ಗುರುತೆಂದು ನಾನು ವಾದಿಸಿದೆ. ಅಷ್ಟು ದುಡ್ಡು ಕೊಟ್ಟವರಿಗೆ ಈ ವಾದ ರುಚಿಸಲಿಲ್ಲ.

ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಯಂತ್ರದ ದೋಣಿಯಲ್ಲ, ಹರಿಗೋಲು. ಎರಡನೆಯ ದಿನ ಮಧ್ಯಾಹ್ನ, ಕಾಡಿನ ಎಲ್ಲೆಗೆ ದೂರವಾದ ದಡದಲ್ಲಿ, ಮೀನುಗಾರನೊಬ್ಬ ನಮ್ಮಿಬ್ಬರನ್ನೂ ಕೂರಿಸಿಕೊಂಡು ಒಂದು ಸುತ್ತು ಹಾಕಿದ. ಹರಿಗೋಲೆಂದರೆ ದೊಡ್ಡ ಬುಟ್ಟಿಯಲ್ಲದೆ ಮತ್ತೇನಲ್ಲ: ಬಿದಿರಿನ ಹೆಣಿಗೆ, ಹೊರಗೆ ಹಿಂದೆ ಎತ್ತಿನ ತೊಗಲು, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಟಾರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಬಳಿ ಇವನ್ನೇ ಕಂಡು, ಹದಿನೈದು ಇಪ್ಪತ್ತು ಜನರನ್ನು ಹೊರುವ ಈ ದುಂಡುಬುಟ್ಟಿಗಳು ಗಿರಗಿರನೆ ಸುತ್ತುತ್ತಲೇ ಹೋಗುತ್ತವೆಂದು ಬರೆದಿಟ್ಟ. ದೋಣಿಗೆ ಮೂಗಿದೆ, ಹಿಂದುಮುಂದಿದೆ. ಹರಿಗೋಲಿಗೆ ಎರಡೂ ಇಲ್ಲ. ಆದ್ದರಿಂದ ಅಂಬಿಗ ಮುಂದಿನ ಅಂಚಿನಲ್ಲಿ ಕುಳಿತು, ಹುಟ್ಟಿನಿಂದ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ. ಎಳೆತ ಒಂದಿಷ್ಟು ತಪ್ಪಿದರೆ ಬುಟ್ಟಿ ತಿರುಗುತ್ತದೆ. ತಳ ಚಪ್ಪಟೆಯಾದ್ದರಿಂದ ಗೇಣುದ್ದ ನೀರಿದ್ದರೂ ಸಾಕು, ಬಂಡೆಗಳ ಮೇಲೂ ಸರಿದುಹೋಗುತ್ತದೆ. ಹುಟ್ಟನ್ನು ಮೊಮ್ಮಗನ ಕೈಗೆ ಕೊಟ್ಟಾಗ ನಾವು ಇದ್ದಲ್ಲೇ ಏಳೆಂಟು ಸುತ್ತು ಸುತ್ತಿ ಲಕ್ಕವಳ್ಳಿಯ ಎಲ್ಲ ಬೆಟ್ಟಗಳನ್ನೂ ನೋಡಿದೆವು. ಅಂಬಿಗರ ಚೌಡಯ್ಯ ವಚನಕಾರನಾದದ್ದೂ, ಪುರಂದರದಾಸರು ದೇಹಕ್ಕೆ ಹರಿಗೋಲಿನ ಹೋಲಿಕೆ ಕೊಟ್ಟದ್ದೂ ಪಾಠ ಹೇಳುವಾಗ ಗೊತ್ತಿತ್ತು. ಅದು ಅಷ್ಟೊಂದು ತಿರುಗುತ್ತದೆಂದು ಗೊತ್ತಿರಲಿಲ್ಲ.

ಕೆನಡಾದಲ್ಲಿರುವ ನನ್ನ ಮಗನಿಗೆ ಇದನ್ನು ಬರೆದೆ. ಅವನಿರುವ ಆಂಟೇರಿಯೊದಲ್ಲಿ 1893ರಲ್ಲಿ ಸ್ಥಾಪಿತವಾದ ಆಲ್ಗಾಂಕ್ವಿನ್ ಎಂಬ ಮಹಾವನವಿದೆ. ಸರೋವರಗಳ ದಡದಲ್ಲಿ ಇಂಥವೇ ವಸತಿಗಳಿವೆ. ಅಲ್ಲಿಯ ಮೂಲನಿವಾಸಿಗಳ ದೋಣಿಗೆ ಕೆನೂ ಎಂದು ಹೆಸರು. ದೇವದಾರು ಜಾತಿಯ ಮರದ ಪಕ್ಕೆಲುಬುಗಳಿಗೆ ಭೂರ್ಜದ ತೊಗಟೆ ಹೊದಿಸಿ ಮಾಡುತ್ತಿದ್ದರಂತೆ. ಎಲುಬು ಕಟ್ಟಿ ಚರ್ಮ ಹೊದಿಸುವ ಉಪಾಯದಲ್ಲಿ ಅದು ನಮ್ಮ ಹರಿಗೋಲಿನ ನೆಂಟನೇ. ಆದರೆ ಅಲ್ಲಿ ಶರತ್ತು ಬಾಗಿಲು ಹಾಕುವ ಕಾಲ: ಮೇಪಲ್ ಎಲೆಗಳು ಕೆಂಪಾಗಿ ಉದುರುತ್ತಿದ್ದಂತೆ ದೋಣಿಗಳನ್ನು ದಡಕ್ಕೆಳೆದು ಬೋರಲು ಹಾಕುತ್ತಾರೆ, ಇನ್ನು ಕೆಲವು ವಾರಗಳಲ್ಲಿ ನೀರು ಹೆಪ್ಪುಗಟ್ಟುತ್ತದೆ. ಇಲ್ಲಿ ಮಳೆ ಮುಗಿದ ಮೇಲೆ ಬಾಗಿಲು ತೆರೆಯುತ್ತಾರೆ.

ಈ ತುಂಬಿದ ನೀರನ್ನು ಬಯಸುವವರು ಎಷ್ಟು ಜನ! ಎಡದಂಡೆ ಬಲದಂಡೆ ನಾಲೆಗಳ ಕೆಳಗೆ ಒಂದು ಲಕ್ಷ ಹೆಕ್ಟೇರಿಗೂ ಹೆಚ್ಚು ಭೂಮಿ ಕಾದಿರುತ್ತದೆ. ಈಚೆಗೆ ಭದ್ರಾ ಮೇಲ್ದಂಡೆ ಯೋಜನೆಯೂ ಸೇರಿದೆ. ತುಂಗೆಯಿಂದ 17.4, ಭದ್ರೆಯಿಂದ 12.5 ಟಿ.ಎಂ.ಸಿ. ನೀರನ್ನು ಮೇಲೆತ್ತಿ, ಅಜ್ಜಂಪುರದ ಬಳಿ ಸುಮಾರು 7 ಕಿಲೋಮೀಟರು ಸುರಂಗದಲ್ಲಿ ಹರಿಸಿ, ಚಿತ್ರದುರ್ಗದ ಕಡೆಗೆ ಒಯ್ಯುವ ಸಾಹಸ ಅದು. ಅಜ್ಜಂಪುರವೆಂದರೆ ನಮಗೆ ಅಮೃತಮಹಲ್ ದನಗಳ ಊರು, ಒಣಹುಲ್ಲಿನ ಕಾವಲು. ಅಲ್ಲಿಯ ನೆಲದಡಿಯಲ್ಲಿ ಮಲೆನಾಡಿನ ಹೊಳೆ ಹರಿಯುತ್ತದೆಂದರೆ ನನ್ನ ಅಜ್ಜ ನಂಬುತ್ತಿರಲಿಲ್ಲ. 1907ರಲ್ಲಿ ಕಟ್ಟಿದ ವಾಣಿವಿಲಾಸಸಾಗರ 1933ರಲ್ಲೊಮ್ಮೆ ಕೋಡಿ ಬಿದ್ದದ್ದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆ ವರ್ಷದ ಭಾರಿ ಮಳೆಯ ಪಾಲು ದೊಡ್ಡದಿದ್ದರೂ ಭದ್ರೆಯ ನೀರು ಅಲ್ಲಿಗೆ ಅದಾಗಲೇ ಮುಟ್ಟಿತ್ತು. ಇನ್ನು 2023ರಂಥ ಬರದ ವರ್ಷದಲ್ಲಿ ಲಕ್ಕವಳ್ಳಿ ತುಂಬಲೇ ಇಲ್ಲ. ಆಗ ಯಾರಿಗೆಷ್ಟು ಎಂಬ ಜಗಳ ಏಳುತ್ತದೆ. ಬಯಲುಸೀಮೆಯವನಾದ ನಾನು ಆ ಜಗಳದಲ್ಲಿ ನಿಷ್ಪಕ್ಷಪಾತಿ ಎಂದು ಹೇಳಿಕೊಳ್ಳಲಾರೆ.

ಇನ್ನು ಆಮೇಲೆ ಹೇಳುತ್ತೇನೆಂದ ವಿಷಯ. ನಮ್ಮ ತಾಯಿಯವರ ತವರು ಭದ್ರೆಯ ದಡದ ಒಂದು ಚಿಕ್ಕ ಹಳ್ಳಿ. ಮದುವೆಯಾಗಿ ಕಡೂರಿಗೆ ಬಂದ ಕೆಲವೇ ವರ್ಷಗಳಲ್ಲಿ ಅದು ನೀರಿನಲ್ಲಿ ಮುಳುಗಿತು. ಸೋದರಮಾವಂದಿರು ಬೇರೆ ಬೇರೆ ದಿಕ್ಕಿಗೆ ಚೆದರಿದರು. ಕಡೂರಿನ ಬಾವಿಯಲ್ಲಿ ಮೂವತ್ತು ಮಾರು ಹಗ್ಗ ಬಿಟ್ಟು ನೀರು ಸೇದುತ್ತಿದ್ದ ಅಮ್ಮ ಅದರ ಬಗ್ಗೆ ಗೊಣಗಿದ್ದನ್ನು ನಾನು ಕೇಳಲಿಲ್ಲ. ಅಣೆಕಟ್ಟು ತುಂಬಿದ ವರ್ಷ ದೊಡ್ಡವರು ಬಂದು ಬಾಗಿನ ಅರ್ಪಿಸಿದ ಚಿತ್ರ ಪತ್ರಿಕೆಯಲ್ಲಿ ಬರುತ್ತದಲ್ಲ, ಅದನ್ನು ನೋಡಿದಾಗ ಮಾತ್ರ ಒಮ್ಮೆ ಅಂದರು: "ಹೆಣ್ಣುಮಕ್ಕಳಿಗೆ ಬಾಗಿನ ಕೊಡೋದು ತವರು ಕಣೋ. ಇವರು ನನ್ನ ತವರಿಗೇ ಬಾಗಿನ ಕೊಡ್ತಿದಾರೆ." ಗೌರಿಹಬ್ಬ ಮುಗಿದ ವಾರ ಅದು. ಆ ವರ್ಷ ಅವರ ಮೊರಕ್ಕೆ ಯಾರ ಕಡೆಯಿಂದಲೂ ಬಾಗಿನ ಬಂದಿರಲಿಲ್ಲ.

ಮೂರನೆಯ ಬೆಳಗ್ಗೆ ದೋಣಿಯ ಯುವಕನಿಗೆ ಆ ಹಳ್ಳಿಯ ಹೆಸರು ಹೇಳಿದೆ. ಅವನಿಗೆ ಗೊತ್ತಿತ್ತು. ಅವನ ತಂದೆಯೂ ಸ್ಥಳ ಬಿಟ್ಟವರೇ; ನೀರಿಗಾಗಿ ಅಲ್ಲ, ಕಾಡಿಗಾಗಿ. ಅಭಯಾರಣ್ಯದೊಳಗಿನ ಹನ್ನೊಂದು ಊರುಗಳ 400ಕ್ಕೂ ಮಿಕ್ಕಿದ ಕುಟುಂಬಗಳನ್ನು 2001-02ರ ಹೊತ್ತಿಗೆ ಎಂ.ಸಿ. ಹಳ್ಳಿ, ಕೆಳಗೂರುಗಳಿಗೆ ಕರೆತಂದು ಜಮೀನು ಕೊಟ್ಟರು. ದೇಶದಲ್ಲಿ ನಡೆದ ಇಂಥ ಸ್ಥಳಾಂತರಗಳಲ್ಲಿ ಚೆನ್ನಾಗಿ ನಡೆದದ್ದು ಇದೆಂದು ಅಧ್ಯಯನ ಮಾಡಿದವರ ಅಭಿಪ್ರಾಯ. "ಶಾಲೆ ಸಿಕ್ತು, ಕರೆಂಟ್ ಸಿಕ್ತು ಸಾರ್. ಅಪ್ಪ ಮಾತ್ರ ಈಗ್ಲೂ ಕನಸಲ್ಲಿ ಅಲ್ಲೇ ಓಡಾಡ್ತಾರೆ" ಎಂದ.

ಒಂದು ಕಡೆ ಯಂತ್ರ ನಿಲ್ಲಿಸಿದ. ಸುತ್ತ ನೀರು, ನೀರಿನಲ್ಲಿ ಆಕಾಶ. ಇಲ್ಲೇ ಆಸುಪಾಸು ಎಂದ. ನೀರು ತೀರ ಇಳಿದ ಬೇಸಿಗೆಯಲ್ಲಿ ಗುಡಿಯ ಜಗಲಿಯ ಕಲ್ಲುಗಳು ಕಾಣುತ್ತವೆ, ಆಗ ಅವುಗಳ ಮೇಲೂ ಹಕ್ಕಿಗಳು ಕೂರುತ್ತವೆ ಎಂದ. ಮೊಮ್ಮಗ ಬಗ್ಗಿ ನೀರಿನೊಳಗೆ ನೋಡಿದ. ಹಸಿರಲ್ಲದೆ ಅವನಿಗೆ ಏನೂ ಕಾಣಲಿಲ್ಲ.

ಕಡೂರಿಗೆ ಮರಳಿದ ಮರುದಿನ ನೀರು ತುಂಬುವ ಹಬ್ಬವಾಗಿರಲಿಲ್ಲ, ಅದಕ್ಕಿನ್ನೂ ಎರಡು ವಾರವಿತ್ತು. ಆದರೂ ಹಂಡೆಗೆ ನೀರು ತುಂಬುತ್ತ ಅಮ್ಮನ ನೆನಪಾಯಿತು. ಕಣ್ಣು ಮಂಜಾಗುವವರೆಗೂ ಅವರು ಪತ್ರಿಕೆಯಲ್ಲಿ ಮೊದಲು ಹುಡುಕುತ್ತಿದ್ದದ್ದು ಜಲಾಶಯಗಳ ಮಟ್ಟ ಅಚ್ಚಾಗುವ ಮೂಲೆಯನ್ನು. ಭದ್ರಾ ಎಂಬಲ್ಲಿ ಬೆರಳಿಟ್ಟು ಅಂಕಿ ಓದಿ, ಪತ್ರಿಕೆ ಮಡಚಿಡುತ್ತಿದ್ದರು. ಮೊಮ್ಮಗ ಆ ದಿನದ ಮೂಲೆಯನ್ನು ಕತ್ತರಿಸಿ ತನ್ನ ನೋಟ್‌ಬುಕ್ಕಿಗೆ ಅಂಟಿಸಿಕೊಂಡಿದ್ದಾನೆ. ಮಿಕ್ಕದ್ದನ್ನು ದಿನವೂ ಫೋನಿನಲ್ಲಿ ನಾನು ಓದಿ ಹೇಳಬೇಕಂತೆ, ವೈಶಾಖದವರೆಗೆ.