ಅಟ್ಟದ ಮೇಲಿನ ಹಳೆಯ ಕೋವಿ: ಗುರುತು ಹಿಡಿಯುವ ಬಗೆ, ಉಳಿಸಿಕೊಳ್ಳುವ ದಾರಿ



ಚಿತ್ರದುರ್ಗದ ಕೋಟೆ ನೋಡಿದವರೆಲ್ಲರೂ ಅಲ್ಲಿಯ ಮದ್ದು ಬೀಸುವ ಕಲ್ಲುಗಳನ್ನು ನೋಡಿಯೇ ಇರುತ್ತಾರೆ. ಆನೆಗಾತ್ರದ ಆ ಕಲ್ಲುಗಳ ಮುಂದೆ ನಿಂತು ಬೆರಗಾಗುವ ನಾವು, ನಮ್ಮ ಮನೆಯ ಅಟ್ಟದ ಮೇಲೆ ಹಳೆಯ ಅಡಿಕೆ ತಟ್ಟಿಗಳ ಹಿಂದೆ ಗೋಣಿಯಲ್ಲಿ ಸುತ್ತಿಟ್ಟ ಅಜ್ಜನ ಕಾಲದ ಕೋವಿಯನ್ನು ಮಾತ್ರ ಗುಜರಿ ಕಬ್ಬಿಣವೆಂದು ತಿಳಿಯುತ್ತೇವೆ. ಮಲೆನಾಡಿನವರು ಕೋವಿ ಎನ್ನುವುದನ್ನೇ ನಮ್ಮ ದುರ್ಗದ ಸೀಮೆಯವರು ಬಂದೂಕು, ತುಪಾಕಿ ಎನ್ನುತ್ತಾರೆ. ಹೆಸರು ಯಾವುದಾದರೂ ಆಗಲಿ, ತೋಟವಿದ್ದ ಮನೆಗಳಲ್ಲಿ ಹಂದಿ, ಮಂಗಗಳನ್ನು ಬೆದರಿಸಲು ಅದೊಂದು ಇರುತ್ತಿತ್ತು.

ಹೊಳಲ್ಕೆರೆ ಕಡೆಯ ನಮ್ಮ ಸದಸ್ಯರೊಬ್ಬರ ಮನೆಯಲ್ಲಿ ಅಣ್ಣ ತಮ್ಮಂದಿರ ಪಾಲು ನಡೆಯುತ್ತಿದ್ದಾಗ ಇಂಥದೊಂದು ಕೋವಿ ಹೊರಬಿತ್ತು. "ಗುಜರಿಯೋನಿಗೆ ಕೊಟ್ರೆ ಕಬ್ಬಿಣದ ರೇಟು ಬರ್ತೈತಣ್ಣ" ಎಂದನಂತೆ ತಮ್ಮ. "ಅಜ್ಜ ಹಿಡಿದಿದ್ದು ಕಣೋ, ಇಟ್ಟಿಗೆ ಪುಡಿ ಹಾಕಿ ತಿಕ್ಕಿ ಗೋಡೆಗೆ ತೂಗುಹಾಕೋಣ" ಎಂದರಂತೆ ಅಣ್ಣ. ಅಜ್ಜ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಲೈಸೆನ್ಸು ಅವರ ಹೆಸರಿನಲ್ಲೇ ಉಳಿದು ನವೀಕರಣವಾಗದೆ ಬಿದ್ದಿತ್ತು. ಅಣ್ಣನ ಮಾತು ಮಮತೆಯದು, ತಮ್ಮನ ಮಾತು ಲೆಕ್ಕದ್ದು. ಆದರೆ ಎರಡೂ ತಪ್ಪು ದಾರಿಗಳೇ. ಏಕೆಂಬುದನ್ನು ವಿವರಿಸಲು ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲು ಎಚ್ಚರಿಕೆ

ಹಳೆಯ ಕೋವಿ ಖಾಲಿ ಎಂದು ಯಾರೂ ತಿಳಿಯಬಾರದು. ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯಲ್ಲಿ ಈಡು ತುಂಬಿ, ಹಂದಿ ಬಾರದೆ ಹಾಗೆಯೇ ಮೂಲೆಗಿಟ್ಟ ಸಂದರ್ಭಗಳು ಎಷ್ಟೋ. ಕರಿಮದ್ದು ಒಣಗಿದ ಜಾಗದಲ್ಲಿದ್ದರೆ ಎಷ್ಟು ವರ್ಷವಾದರೂ ಕೆಡುವುದಿಲ್ಲ. ಆದ್ದರಿಂದ ನಳಿಗೆಯ ಬಾಯಿಗೆ ಮುಖ ಒಡ್ಡಬಾರದು, ಕುದುರೆ ಎಳೆದು ನೋಡಬಾರದು, ಬೆಂಕಿಯ ಹತ್ತಿರ ಒಯ್ಯಬಾರದು, ಮಕ್ಕಳ ಕೈಗೆ ಕೊಡಬಾರದು. ತಿಳಿದವರು ಒಂದು ಮರದ ಕಡ್ಡಿಯನ್ನು ನಳಿಗೆಯೊಳಗೆ ಮೆಲ್ಲನೆ ಇಳಿಸಿ, ಅದೇ ಅಳತೆಯನ್ನು ಹೊರಗಿನಿಂದ ಇಟ್ಟು ನೋಡುತ್ತಾರೆ. ಕಡ್ಡಿ ಕೇಪು ಕೂರುವ ಮೊಲೆಯವರೆಗೆ ಇಳಿಯದೆ ನಾಲ್ಕು ಬೆರಳು ಮೇಲೆಯೇ ನಿಂತರೆ ಒಳಗೆ ಈಡು ಇದೆಯೆಂದೇ ಅರ್ಥ. ಅದನ್ನು ತೆಗೆಯುವ ಕೆಲಸ ಬಲ್ಲವರದು, ನಮ್ಮದಲ್ಲ.

ಗುರುತುಗಳನ್ನು ಓದುವ ಬಗೆ

ಅಡಿಕೆಯ ರಾಶಿ, ಬೆಟ್ಟೆ, ಗೊರಬಲುಗಳನ್ನು ಕಣ್ಣಳತೆಯಲ್ಲೇ ವಿಂಗಡಿಸುವ ನಮಗೆ ಕೋವಿಯ ತರಗತಿ ಹಿಡಿಯುವುದು ಕಷ್ಟದ ವಿದ್ಯೆಯೇನಲ್ಲ. ಕುದುರೆಯ ಪಕ್ಕದ ಕಬ್ಬಿಣದ ತಗಡು, ನಳಿಗೆಯ ಬುಡ, ಮರದ ಹಿಡಿ, ಈ ಮೂರು ಕಡೆ ನೋಡಿದರೆ ಸಾಕು.

ಕುದುರೆಯ ತುದಿಯಲ್ಲಿ ಚಕಮಕಿ ಕಲ್ಲು ಹಿಡಿಯುವ ದವಡೆ, ಅದರೆದುರು ರಂಜಕದ ಪುಟ್ಟ ಬಟ್ಟಲು ಇದ್ದರೆ ಅದು ಕಲ್ಲಿನ ಕೋವಿ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ಇಂಥ ಮಸ್ಕೆಟ್ಟಿನ ನಳಿಗೆ 39 ಅಂಗುಲ ಉದ್ದ. ಅದರ ತಗಡಿನ ಮೇಲೆ ಹೃದಯದಾಕಾರದ ಮುದ್ರೆಯಿದ್ದರೆ 1808ಕ್ಕೆ ಮುಂಚಿನದು. ಹಿಂಗಾಲಿನ ಮೇಲೆ ಎದ್ದು ನಿಂತು ಕಿರೀಟ ಹಿಡಿದ ಸಿಂಹವಿದ್ದರೆ ಆಮೇಲಿನದು.

ಕಲ್ಲಿನ ಬದಲು ಮೊಲೆಯ ಮೇಲೆ ತಾಮ್ರದ ಕೇಪು ಇಟ್ಟು ಹೊಡೆಯುವಂಥದು ಕೇಪಿನ ಕೋವಿ. ಬ್ರಿಟಿಷ್ ಸೈನ್ಯದಲ್ಲಿ ಇದು 1840ರ ಸುಮಾರಿಗೆ ಬಳಕೆಗೆ ಬಂತು. ಇದರಲ್ಲಿ ಪ್ರಸಿದ್ಧವಾದುದು 1853ರ ಎನ್‌ಫೀಲ್ಡ್. ನಳಿಗೆಯನ್ನು ಮರಕ್ಕೆ ಬಿಗಿಯುವ ಮೂರು ಪಟ್ಟಿಗಳು, ತಗಡಿನ ಮೇಲೆ ಕಿರೀಟ, ಇಸವಿ, ಜೊತೆಗೆ ಟವರ್ ಅಥವಾ ಎನ್‌ಫೀಲ್ಡ್ ಎಂಬ ಇಂಗ್ಲಿಷ್ ಅಕ್ಷರಗಳು ಇದರ ಲಕ್ಷಣ. ಇದರ ತೋಟಾಕ್ಕೆ ಸವರಿದ ಕೊಬ್ಬಿನ ಸುದ್ದಿಯೇ 1857ರ ದಂಗೆಗೆ ಕಿಡಿಯಾಯಿತೆಂಬುದು ಶಾಲೆಯ ಪಾಠದಲ್ಲೇ ಇದೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಎನ್‌ಫೀಲ್ಡಿನ ನಳಿಗೆಯೊಳಗೆ ಸುತ್ತುಗೀರುಗಳಿದ್ದು ಗುಂಡು ತಿರುಗುತ್ತ ನೇರ ಹೋಗುತ್ತದೆ. ದಂಗೆಯ ನಂತರ ದೇಶೀ ಸಿಪಾಯಿಗಳ ಕೈಗೆ ಅಂಥದನ್ನು ಕೊಡಲು ಸರ್ಕಾರ ಹೆದರಿತು. ಹೊರಗಿನಿಂದ ನೋಡಲು ಎನ್‌ಫೀಲ್ಡಿನಂತೆಯೇ ಇದ್ದು, ಒಳಗೆ ಗೀರಿಲ್ಲದೆ ನುಣುಪಾಗಿ, ಬಾಯಿ ಅಗಲವಾಗಿರುವ ಕೋವಿಗಳನ್ನು ಭಾರತದ ಸೈನ್ಯಕ್ಕೆಂದೇ ಮಾಡಿಸಿತು. ನಿಮ್ಮ ಮನೆಯ ಕೋವಿ ಇಂಥದಾಗಿದ್ದರೆ, ಆ ಅಪನಂಬಿಕೆಯ ಗುರುತು ಅದರ ನಳಿಗೆಯಲ್ಲೇ ಇದೆ.

ನಳಿಗೆಯ ಬುಡದಲ್ಲಿ ಬಲಕ್ಕೆ ತೆರೆಯುವ ಮುಚ್ಚಳವಿದ್ದರೆ ಅದು 1866ರಲ್ಲಿ ಬಳಕೆಗೆ ಬಂದ ಸ್ನೈಡರ್. ಹಳೆಯ ಎನ್‌ಫೀಲ್ಡನ್ನೇ ಕತ್ತರಿಸಿ ತೋಟಾ ಕೋವಿಯಾಗಿ ಮಾಡಿದ್ದು. ಹೊರಗೆ ಕುದುರೆಯೇ ಕಾಣದೆ, ಹಿಡಿಯ ಕೆಳಗಿನ ಸನ್ನೆ ಒತ್ತಿದರೆ ಬುಡ ತೆರೆಯುವಂಥದು 1871ರ ಮಾರ್ಟಿನಿ ಹೆನ್ರಿ. ಅದರ ಬಲಬದಿಯಲ್ಲಿ ಕಿರೀಟ, ಇಸವಿ, ಎಷ್ಟನೆಯ ಮಾದರಿ ಎಂಬ ರೋಮನ್ ಅಂಕಿ ಇರುತ್ತವೆ. ಅನಂತರದ ಲೀ ಎನ್‌ಫೀಲ್ಡ್ ರೈಫಲ್ಲುಗಳನ್ನು ಬಂಗಾಳದ ಇಷಾಪುರ ಕಾರ್ಖಾನೆಯಲ್ಲಿ ಪೊಲೀಸರಿಗಾಗಿ .410 ಬೋರಿನ, ಒಂದೇ ತೋಟಾದ ನುಣುಪು ನಳಿಗೆಯ ಮಸ್ಕೆಟ್ಟುಗಳಾಗಿ ಬದಲಾಯಿಸಿದರು.

ಮೋಸವೂ ಉಂಟು. ವಾಯವ್ಯ ಗಡಿನಾಡಿನ ಕಮ್ಮಾರರು ಬ್ರಿಟಿಷ್ ಕೋವಿಗಳನ್ನು ಮುದ್ರೆ ಸಮೇತ ನಕಲು ಮಾಡುತ್ತಿದ್ದರು. ಅಕ್ಷರ ಸೊಟ್ಟಗಿದ್ದರೆ, ತಿರುವುಮುರುವಾಗಿದ್ದರೆ, ಇಸವಿಗೂ ಮಾದರಿಗೂ ತಾಳೆಯಾಗದಿದ್ದರೆ ಅನುಮಾನಿಸಬೇಕು. ಇನ್ನು ಬೆಳೆ ರಕ್ಷಣೆಗೆಂದು ಬಂದ ಒಂಟಿನಳಿಗೆ ಕೋವಿಗಳಲ್ಲಿ ಹಲವು ಬಿಹಾರದ ಮುಂಗೇರಿನಂಥ ಕಡೆಯ ಪರವಾನಗಿ ಪಡೆದ ಕಾರ್ಖಾನೆಗಳವು. ಅವುಗಳ ಮೇಲೆ ಕಾರ್ಖಾನೆಯ ಹೆಸರು ಮತ್ತು ನಂಬರು ಇರುತ್ತವೆ. ಇವು ಪುರಾತನವಲ್ಲ, ಆದರೆ ಆ ನಂಬರು ಲೈಸೆನ್ಸಿನ ನಂಬರಿಗೆ ತಾಳೆಯಾಗಲೇಬೇಕು.

ಸಣ್ಣ ಗುರುತಿನ ದೊಡ್ಡ ಬೆಲೆ

ಇಷ್ಟು ಸಣ್ಣ ಗುರುತಿನಿಂದ ಏನು ಪ್ರಯೋಜನವೆಂದು ಕೇಳಬಹುದು. ರಷ್ಯಾದ ಸಿಮೊನೊವ್ ಎಂಬ ರೈಫಲ್ಲಿನ ಮಾತು ನೋಡಿ. ತೂಲಾ ಪಟ್ಟಣದ ಕಾರ್ಖಾನೆಯಲ್ಲಿ 1949ರಲ್ಲಿ ಅದರ ತಯಾರಿಕೆ ದೊಡ್ಡ ಪ್ರಮಾಣದಲ್ಲಿ ಶುರುವಾಯಿತು. ಕಲಾಶ್ನಿಕೊವ್ ಬಂದ ಮೇಲೆ ಹಿಂದೆ ಬಿದ್ದು, ಮುಂದೆ ಸೈನ್ಯದ ಹೆಚ್ಚುವರಿ ಮಾಲಾಗಿ ಹೊರದೇಶಗಳಿಗೆ ಮಾರಾಟವಾಯಿತು. ಅಲ್ಲಿಯ ಸಂಗ್ರಹಕಾರರು ಮೊದಲ ಎರಡು ವರ್ಷಗಳ ಮಾದರಿಗಳನ್ನೇ ಹುಡುಕುತ್ತಾರೆ. ತುದಿಯ ಚೂರಿ ಅಲಗಿನಂತಿರದೆ ಮೊಳೆಯಂತಿರುವುದು, ನಳಿಗೆಯೊಳಗೆ ಕ್ರೋಮಿಯಂ ಲೇಪ ಇಲ್ಲದಿರುವುದು, ತೋಟಾಕ್ಕೆ ಹೊಡೆಯುವ ಸೂಜಿಗೆ ಸ್ಪ್ರಿಂಗ್ ಇರುವುದು, ಮೇಲೆ ನಕ್ಷತ್ರದ ಮುದ್ರೆ ಮತ್ತು ಇಸವಿ: ಇವೇ ಆರಂಭದ ಮಾದರಿಯ ಗುರುತುಗಳು. ಯಾರೋ ಹೊಳಪಿಗೆಂದು ಉಜ್ಜಿ ಈ ಗುರುತು ಅಳಿಸಿದರೆ ಅದರ ಬೆಲೆ ಇಳಿಯುತ್ತದೆ. ನಮ್ಮ ದೇಶದಲ್ಲಾದರೋ ಇಂಥ ಅರೆ ಸ್ವಯಂಚಾಲಿತ ಬಂದೂಕು ನಿಷೇಧಿತ ವರ್ಗದ್ದು. ಸಾಮಾನ್ಯ ಲೈಸೆನ್ಸಿಗೆ ಸಿಕ್ಕುವಂಥದಲ್ಲ, ಅದರ ಆಸೆ ಯಾರಿಗೂ ಬೇಡ. ಆದರೆ ಅವರ ಪಾಠ ನಮಗೂ ಸಲ್ಲುತ್ತದೆ: ಗುರುತು ಉಳಿದರೆ ಚರಿತ್ರೆ ಉಳಿಯಿತು.

ನಮ್ಮ ನಾಡಿನ ಉದಾಹರಣೆಯೇ ಬೇಕಾದರೆ ಹೊಸನಗರ ತಾಲ್ಲೂಕಿನ ನಗರಕ್ಕೆ ಹೋಗೋಣ. 2002ರಲ್ಲಿ ಅಲ್ಲಿಯ ಹಾಳುಬಾವಿಯೊಂದರಲ್ಲಿ ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಸಿಕ್ಕಿದವು. ಮೊದಲು ಅವನ್ನು ಫಿರಂಗಿ ಗುಂಡುಗಳೆಂದೇ ತಿಳಿದಿದ್ದರು. ಆಮೇಲೆ ಪರೀಕ್ಷಿಸಿದಾಗ ಅವು ಮೈಸೂರು ಸೈನ್ಯದ ರಾಕೆಟ್ಟುಗಳೆಂದು ತಿಳಿಯಿತು. 2018ರ ಜುಲೈ ತಿಂಗಳಲ್ಲಿ ಪುರಾತತ್ವ ಇಲಾಖೆಯವರು ಅದೇ ಬಾವಿಯನ್ನು ಅಗೆದಾಗ ಸಾವಿರಕ್ಕೂ ಮೇಲ್ಪಟ್ಟು ರಾಕೆಟ್ಟುಗಳು ದೊರೆತವು. ಮೊದಲ ದಿನವೇ ಗುಜರಿಗೆ ಹೋಗಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ.

ಕಾನೂನು ಏನು ಹೇಳುತ್ತದೆ

1959ರ ಆಯುಧ ಕಾಯ್ದೆಯ ಪ್ರಕಾರ ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಳ್ಳುವುದು ಅಪರಾಧ. ಅಜ್ಜನ ಲೈಸೆನ್ಸು ಮೊಮ್ಮಗನಿಗೆ ತಾನಾಗಿ ಬರುವುದಿಲ್ಲ. ಪಹಣಿಗೆ ಪೌತಿ ಖಾತೆ ಮಾಡಿಸಿದಂತೆ ಇದಕ್ಕೂ ವಾರಸುದಾರರು ಅರ್ಜಿ ಕೊಡಬೇಕು. 2016ರ ನಿಯಮಗಳಲ್ಲಿ ಇದಕ್ಕೆ ಅವಕಾಶವಿದೆ. ಲೈಸೆನ್ಸುದಾರರಿಗೆ 70 ವರ್ಷ ತುಂಬಿದ್ದರೆ ಅಥವಾ ಅವರು 25 ವರ್ಷ ಕೋವಿ ಇಟ್ಟುಕೊಂಡಿದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಕೊಡಿಸಬಹುದು. ಮನೆಯ ಹಿರಿಯರು ಈ ಕೆಲಸವನ್ನು ಮುಂದೂಡದಿರುವುದು ಒಳಿತು. 2019ರ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿ 5 ವರ್ಷವಾಗಿದೆ, ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಕೋವಿ ಸಲ್ಲದು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ನಮ್ಮ ಜಿಲ್ಲೆಗಿಲ್ಲ.

ಬಳಕೆ ತಪ್ಪಿದ ಮಾದರಿಯ, ಪುರಾತನ ಮಹತ್ವದ ಅಥವಾ ಕೆಟ್ಟುಹೋದ ಆಯುಧ ರಿಪೇರಿ ಮಾಡಿದರೂ ಹಾರದಂತಿದ್ದರೆ ಕಾಯ್ದೆಯ 45ನೇ ಕಲಮಿನಲ್ಲಿ ವಿನಾಯಿತಿ ಉಂಟು. ಆದರೆ ಅದು ಹಾರುತ್ತದೆಯೋ ಇಲ್ಲವೋ ಎಂದು ನಾವೇ ತೀರ್ಮಾನಿಸುವಂತಿಲ್ಲ. ನೂರು ವರ್ಷ ಮೀರಿದ ವಸ್ತು 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತುವಾಗಬಹುದು, ಅದನ್ನು ಹೊರದೇಶಕ್ಕೆ ಸಾಗಿಸುವುದು ನಿಷಿದ್ಧ. ಇನ್ನು ಲೈಸೆನ್ಸು ಇದ್ದ ಮಾತ್ರಕ್ಕೆ ಕಾಡುಪ್ರಾಣಿಗೆ ಗುಂಡು ಹಾರಿಸಲು ಅನುಮತಿ ಸಿಕ್ಕಿದಂತಲ್ಲ. ವನ್ಯಜೀವಿ ಕಾಯ್ದೆ ಬೇರೆಯೇ ಇದೆ.

ಮಾಡಬೇಕಾದ್ದಿಷ್ಟು

ಅಟ್ಟದಲ್ಲಿ ಕೋವಿ ಕಂಡರೆ ಅದನ್ನು ಹೆಗಲಿಗೇರಿಸಿಕೊಂಡು ಪೇಟೆಗೆ ಹೊರಡಬೇಡಿ. ಲೈಸೆನ್ಸಿಲ್ಲದ ಕೋವಿಯನ್ನು ಹೊತ್ತು ತಿರುಗುವುದೂ ತೊಂದರೆಯೇ. ಮೊದಲು ಹಳೆಯ ಲೈಸೆನ್ಸು ಪುಸ್ತಕ ಹುಡುಕಿ. ಹತ್ತಿರದ ಪೊಲೀಸ್ ಠಾಣೆಗೆ ಬರವಣಿಗೆಯಲ್ಲಿ ತಿಳಿಸಿ, ಅವರು ಹೇಳಿದಂತೆ ಠೇವಣಿ ಇಟ್ಟು ರಸೀದಿ ಪಡೆಯಿರಿ. ರಸೀದಿಯಲ್ಲಿ ಕೋವಿಯ ಮಾದರಿ, ನಂಬರು, ಮುದ್ರೆಗಳನ್ನು ಬರೆಸಿಕೊಳ್ಳಿ. ಮೇಲೆ ಹೇಳಿದ ಗುರುತುಗಳು ಇಲ್ಲಿಯೇ ಕೆಲಸಕ್ಕೆ ಬರುವುದು. ಬರೀ "ಹಳೆಯ ಕೋವಿ ಒಂದು" ಎಂದು ಬರೆದ ರಸೀದಿಯಿಂದ ನಾಳೆ ನಿಮ್ಮದು ಯಾವುದೆಂದು ತೋರಿಸಲಾಗದು. ಅನಂತರ ಜಿಲ್ಲಾಧಿಕಾರಿಗಳ ಕಚೇರಿಗೆ ವಾರಸಾ ಅರ್ಜಿ ಹಾಕಬಹುದು, ಇಲ್ಲವೆ 45ನೇ ಕಲಮಿನಂತೆ ತೀರ್ಮಾನ ಕೇಳಬಹುದು. ಇಟ್ಟುಕೊಳ್ಳಲು ಮನಸ್ಸಿಲ್ಲದವರು ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಕೊಡುವ ಬಗ್ಗೆ ವಿಚಾರಿಸಬಹುದು. ಇಟ್ಟಿಗೆ ಪುಡಿ, ಮರಳು ಕಾಗದ, ಬಣ್ಣ ಯಾವುದನ್ನೂ ತಾಗಿಸಬೇಡಿ.

ಹೊಳಲ್ಕೆರೆಯ ಆ ಅಣ್ಣ ತಮ್ಮಂದಿರು ಕೊನೆಗೆ ಹೀಗೆಯೇ ಮಾಡಿದರು. ಒಣಬಟ್ಟೆಯಿಂದ ಧೂಳು ಒರೆಸಿದಾಗ ಕಂಡದ್ದು ಕಿರೀಟ, ಟವರ್ ಎಂಬ ಅಕ್ಷರ, ಸಾವಿರದ ಎಂಟುನೂರ ಅರವತ್ತರ ದಶಕದ ಇಸವಿ. ಕೋವಿ ಈಗ ಠಾಣೆಯಲ್ಲಿದೆ, ಅರ್ಜಿ ಕಚೇರಿಯಲ್ಲಿದೆ. ತೀರ್ಮಾನ ಹೇಗಾದರೂ ಬರಲಿ, ಮನೆಯವರ ಮೇಲೆ ಕೇಸಿನ ಭಯವಿಲ್ಲ. "ತೋಟ ಪಾಲು ಮಾಡ್ಕೊಂಡ್ವಿ, ಇದನ್ನ ಮಾತ್ರ ಪಾಲು ಮಾಡಕಾಗ್ಲಿಲ್ಲ" ಎಂದು ತಮ್ಮ ನಗುತ್ತಾನಂತೆ.

ನಿಮ್ಮ ಮನೆಯ ಅಟ್ಟವನ್ನೂ ಈ ಅಡಿಕೆ ಸುಗ್ಗಿಗೆ ಮುಂಚೆ ಒಮ್ಮೆ ನೋಡಿಕೊಳ್ಳಬೇಕೆಂದು ಕೋರುತ್ತೇವೆ.