ತಾಯಿ ಕಾರ್ಡಿಗೂ ಮೊದಲೇ ಹುಟ್ಟುವ ರಕ್ತ

ಸಿಂಧನೂರಿರಲಿ, ಲಿಂಗಸುಗೂರು, ಮಸ್ಕಿಯಿರಲಿ, ಆಶಾ ಕಾರ್ಯಕರ್ತೆಯರು ಬಸುರಿಯರಿಗೆ ಹೇಳುವುದು ಒಂದೇ ಮಾತು: 12 ವಾರದೊಳಗೆ ತಾಯಿ ಕಾರ್ಡ್ ಮಾಡಿಸಿ. ಹಿಮೋಗ್ಲೋಬಿನ್ ಪರೀಕ್ಷೆ, ಕಬ್ಬಿಣಾಂಶದ ಗುಳಿಗೆ ಎಲ್ಲ ಆಮೇಲಿನ ಮಾತು. ಅಷ್ಟರಲ್ಲಿ ಹೊಟ್ಟೆಯೊಳಗಿನ ಕೂಸು ಬದುಕಿಡೀ ಬೇಕಾಗುವ ರಕ್ತದ ಮೂಲಕ್ಕೆ ಕೈಹಾಕಿ ಆಗಿರುತ್ತದೆ.

ಗರ್ಭ ಕಟ್ಟಿದ ಮೂರನೇ ವಾರದಲ್ಲೇ ಭ್ರೂಣದ ಹೊರಗಿನ ಹಳದಿ ಚೀಲದಲ್ಲಿ ಮೊದಲ ರಕ್ತಕಣಗಳು ಮೂಡುತ್ತವೆ. ಅವು ತಾತ್ಕಾಲಿಕ. ನಿಜವಾದ ರಕ್ತದ ಆಕರಕೋಶಗಳು ಹುಟ್ಟುವುದು ಸುಮಾರು 27ನೇ ದಿನದ ಹೊತ್ತಿಗೆ, ಅದೂ ಮಹಾಪಧಮನಿಯ ಒಳಗೋಡೆಯಲ್ಲಿ! ಗೋಡೆಯ ಕೆಲವು ಜೀವಕೋಶಗಳು ರನ್ಕ್ಸ್1 ಎಂಬ ವಂಶವಾಹಿಯ ಬಲದಿಂದ ತಮ್ಮ ಗುಣವನ್ನೇ ಬದಲಿಸಿಕೊಂಡು ಹೊರಬೀಳುತ್ತವೆ. ಜೀಬ್ರಾ ಮೀನಿನ ಪಾರದರ್ಶಕ ಭ್ರೂಣದಲ್ಲಿ ವಿಜ್ಞಾನಿಗಳು 2010ರಲ್ಲಿ ಇದನ್ನು ಕಣ್ಣಾರೆ ಕಂಡರು. ಹೃದಯ ಬಡಿದು ರಕ್ತ ಹರಿಯದಿದ್ದರೆ ಈ ಕೋಶಗಳು ಸರಿಯಾಗಿ ಹುಟ್ಟುವುದಿಲ್ಲ ಎಂಬುದು ಅದಕ್ಕೂ ಒಂದು ವರ್ಷ ಮೊದಲೇ ಗೊತ್ತಾಗಿತ್ತು.

ಮುಂದಿನದನ್ನು ತುಂಗಭದ್ರಾ ಎಡದಂಡೆಯ ಭತ್ತದ ರೈತರಿಗೆ ಬಿಡಿಸಿ ಹೇಳಬೇಕಿಲ್ಲ: ಸಸಿ ಮಡಿ ಒಂದು ಕಡೆ, ನಾಟಿ ಇನ್ನೊಂದು ಕಡೆ. ಹುಟ್ಟಿದ ಕೋಶಗಳು ಯಕೃತ್ತಿಗೆ ಹೋಗಿ ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ, ಆಮೇಲೆ ಎಲುಬಿನ ಮಜ್ಜೆ ಸೇರುತ್ತವೆ. ಅಲ್ಲಿ ಬಹುಪಾಲು ಕೋಶಗಳಿಗೆ ನಿದ್ದೆಯೇ ಕೆಲಸ. ಸೋಮಾರಿತನವಲ್ಲ, ಎಲ್ಲವೂ ಒಮ್ಮೆಲೇ ದುಡಿದರೆ ದಾಸ್ತಾನು ಬರಿದಾದೀತು.

ಈ ನಿದ್ದೆಯನ್ನು ಕಾಯುವವರು ಯಾರು? ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮದಾರ್ ಅವರ ತಂಡ ಅಸೃಜ್ ಎಂಬ ಪ್ರೋಟೀನನ್ನು ವರ್ಷಗಟ್ಟಲೆ ಬೆನ್ನುಹತ್ತಿತು. ಅದಿಲ್ಲದ ಹಣ್ಣಿನ ನೊಣದ ಮರಿಯಲ್ಲಿ ಎಳೆಯ ರಕ್ತಕೋಶಗಳು ಅವಧಿಗೆ ಮುನ್ನವೇ ಬಲಿಯುತ್ತವೆ. ಇಲಿಯಲ್ಲಿ ಅಸೃಜ್ ಇಲ್ಲವಾದರೆ ಪಿ53 ಎಂಬ ಕಾವಲು ಪ್ರೋಟೀನ್ ಕರಗಿ, ಆಕರಕೋಶಗಳು ನಿದ್ದೆಗೆಟ್ಟು, ಬಿಳಿ ರಕ್ತಕಣಗಳ ಸಂತತಿ ಮಿತಿಮೀರುತ್ತದೆ ಎಂದು 2019ರಲ್ಲಿ ತಂಡ ವರದಿ ಮಾಡಿತು.

ನೊಣವೆಂದರೆ ಸಿಂಧನೂರಿನ ಬಾಳೆಹಣ್ಣಿನ ಬಂಡಿಯ ಸುತ್ತ ಗುಂಯ್‌ಗುಡುವ ಅದೇ ಸಣ್ಣ ಹುಳು. ಬೆಂಗಳೂರಿನದೇ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಟೀನಾ ಮುಖರ್ಜಿ ಅವರ ತಂಡ 2020ರಲ್ಲಿ ತೋರಿಸಿದ್ದು ಇನ್ನೂ ವಿಚಿತ್ರ. ತನ್ನ ಮೈಯಲ್ಲಿ ಮೊಟ್ಟೆಯಿಡುವ ಪರಾವಲಂಬಿ ಕಣಜದ ವಾಸನೆಯಲ್ಲೇ ಬೆಳೆದ ಮರಿ, ಕಣಜ ಎರಗಿದಾಗ ಆ ಮೊಟ್ಟೆಯನ್ನು ಸುತ್ತುಗಟ್ಟುವ ವಿಶೇಷ ರಕ್ತಕೋಶಗಳನ್ನು ಹೆಚ್ಚು ತಯಾರಿಸುತ್ತದೆ. ಮೂಗಿಗೆ ತಾಗಿದ್ದು ನೆತ್ತರಿಗೂ ಗೊತ್ತಾಗುತ್ತದೆ, ನೊಣದಲ್ಲಂತೂ ಹೌದು.