ಎಮ್ಮೆಸ್ಸಿ ಮುಗಿದ ಮೇಲೂ ಕ್ಲಾಸು

ಮಂಚಿಕೇರಿ ಕಡೆಯ ಅಡಿಕೆ ತೋಟದ ಮನೆಗಳಿಂದ ಭೌತಶಾಸ್ತ್ರ ಓದಲು ಹೊರಟ ಮಕ್ಕಳ ದಾರಿ ಹೆಚ್ಚುಕಡಿಮೆ ಎಲ್ಲರಿಗೂ ಗೊತ್ತಿರುವಂಥದ್ದೇ. ಶಿರಸಿಯಲ್ಲಿ ಬಿ.ಎಸ್ಸಿ., ಧಾರವಾಡದಲ್ಲಿ ಎಂ.ಎಸ್ಸಿ. ಅದಾದ ಮೇಲೂ ಓದುವ ಹಟವಿದ್ದರೆ ಪಿಎಚ್.ಡಿ. ಹಾಗೆ ಸೇರಿದವರು ರಜೆಗೆ ಬಂದಾಗ 'ಮುಂದಿನ ತಿಂಗಳು ಪರೀಕ್ಷೆ' ಎಂದರೆ ಮನೆಯ ಹಿರಿಯರಿಗೆ ಅನುಮಾನ: "ಎಮ್ಮೆಸ್ಸಿ ಮುಗತ್ತಲ ತಮಾ, ಇನ್ನೂ ಕ್ಲಾಸಿಗೆ ಹೋಪಲೆ ಇದ್ದ?"

ಅನುಮಾನದಲ್ಲಿ ತಪ್ಪೇನಿಲ್ಲ. ಡಾಕ್ಟರೇಟು ಎಂದರೆ ಯಾರೂ ಮಾಡದ್ದನ್ನು ಮಾಡಿ ತೋರಿಸುವುದು ಎಂದೇ ಹೇಳಿಕೊಂಡು ಬಂದವರು ನಾವು. ಅದರೊಳಕ್ಕೆ ಹಾಜರಿ, ಕ್ರೆಡಿಟ್ಟು, ಶೇಕಡಾ 55ರ ಪಾಸು ಎಲ್ಲ ನುಗ್ಗಿದ್ದು ಯಾವಾಗ?

ಸಿ.ವಿ. ರಾಮನ್ ಅವರ ಕಾಲದಲ್ಲಂತೂ ಇರಲಿಲ್ಲ. 1907ರಲ್ಲಿ ಮದ್ರಾಸಿನಲ್ಲಿ ಎಂ.ಎ. ಮುಗಿಸಿ, ಹಣಕಾಸು ಇಲಾಖೆಯ ನೌಕರಿಯ ಜೊತೆಗೇ ಕಲ್ಕತ್ತೆಯಲ್ಲಿ ಸಂಶೋಧನೆಗೆ ಇಳಿದ ಅವರಿಗೆ ಯಾರೂ ಗೈಡ್ ಇರಲಿಲ್ಲ. 1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಭೌತಶಾಸ್ತ್ರ ವಿಭಾಗ ಕಟ್ಟಿದರು. ಅಲ್ಲಿ ನಡೆದದ್ದು ಯಕ್ಷಗಾನ ಮೇಳದ ಪದ್ಧತಿ: ಸೇರಿಕೋ, ಬಾಲಗೋಪಾಲನ ವೇಷದಿಂದ ಶುರುಮಾಡು, ದೊಡ್ಡವರು ಕುಣಿಯುವುದನ್ನು ಚೌಕಿಯಿಂದಲೇ ನೋಡಿ ಕಲಿ. 1942ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು ಬಂದ ಜಿ.ಎನ್. ರಾಮಚಂದ್ರನ್ ಭೌತಶಾಸ್ತ್ರದ ಕಡೆ ಹೊರಳಿ ರಾಮನ್ ಶಿಷ್ಯರಾದರು. 1947ರಲ್ಲಿ ಅವರಿಗೆ ಡಿ.ಎಸ್ಸಿ. ಕೊಟ್ಟಿದ್ದು ಮದ್ರಾಸ್ ವಿಶ್ವವಿದ್ಯಾಲಯ. ಏಕೆಂದರೆ ವಿಜ್ಞಾನ ಸಂಸ್ಥೆಗೆ ಆಗಿನ್ನೂ ವಿಶ್ವವಿದ್ಯಾಲಯದ ಸ್ಥಾನಮಾನವೇ ಇರಲಿಲ್ಲ. ಅದು ಸಿಕ್ಕಿದ್ದು 1958ರಲ್ಲಿ.

ಈ ಪದ್ಧತಿಯಲ್ಲಿ ಗುರು ರಾಮನ್ ಆಗಿದ್ದರೆ ಸರಿ. ಇಲ್ಲದಿದ್ದರೆ ಗುರುವಿಗೆ ಗೊತ್ತಿಲ್ಲದ್ದು ಶಿಷ್ಯನಿಗೂ ಗೊತ್ತಾಗುವುದಿಲ್ಲ. ಗುರು ದೊಡ್ಡವನೇ ಆಗಿದ್ದರೂ ಒಂದು ಕಡೆ ಬೆಳೆದು ಇನ್ನೊಂದು ಕಡೆ ಪೂರ್ತಿ ಬರಡಾಗುವ ಅಪಾಯ ತಪ್ಪಿದ್ದಲ್ಲ. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ 1923ರ ಮ್ಯೂನಿಕ್‌ನದು. ವರ್ನರ್ ಹೈಸೆನ್‌ಬರ್ಗ್‌ನ ಡಾಕ್ಟರೇಟ್ ಮೌಖಿಕ ಪರೀಕ್ಷೆ. ಪ್ರಾಯೋಗಿಕ ಭೌತಶಾಸ್ತ್ರದ ಪ್ರೊಫೆಸರ್ ವಿಲ್ಹೆಲ್ಮ್ ವೀನ್ ಕೇಳಿದ್ದು ಸಾದಾ ಪ್ರಶ್ನೆಗಳು: ಸೂಕ್ಷ್ಮದರ್ಶಕ ಎಷ್ಟು ಹತ್ತಿರದ ಎರಡು ಬಿಂದುಗಳನ್ನು ಬೇರೆಬೇರೆಯಾಗಿ ತೋರಿಸಬಲ್ಲದು? ಬ್ಯಾಟರಿ ಹೇಗೆ ಕೆಲಸ ಮಾಡುತ್ತದೆ? ಹುಡುಗನಿಗೆ ಬರಲಿಲ್ಲ. ಗುರು ಸೊಮರ್‌ಫೆಲ್ಡ್ ಎತ್ತಿ ಹಿಡಿದದ್ದರಿಂದ ಹೇಗೋ ಪಾಸಾದ. ತಮಾಷೆ ಏನೆಂದರೆ, ನಾಲ್ಕು ವರ್ಷದ ನಂತರ ಅನಿಶ್ಚಿತತೆಯ ತತ್ವವನ್ನು ವಿವರಿಸಲು ಅವನು ಕಲ್ಪಿಸಿಕೊಂಡದ್ದೂ ಒಂದು ಸೂಕ್ಷ್ಮದರ್ಶಕವನ್ನೇ. ಅದೇ ಲೆಕ್ಕದಲ್ಲಿ ಎಡವಿದ, ತಿದ್ದಿದ್ದು ನೀಲ್ಸ್ ಬೋರ್.

ಅಮೆರಿಕದವರು ಈ ಅಪಾಯಕ್ಕೆ ಮದ್ದು ಹುಡುಕಿದ್ದು ಕ್ಲಾಸಿನಲ್ಲಿ. ಜರ್ಮನಿಯಿಂದ ಪಿಎಚ್.ಡಿ.ಯನ್ನು ತಂದುಕೊಂಡ ಅವರು ಅದರ ಮುಂದೆ ಪಾಠಗಳನ್ನೂ ಅರ್ಹತಾ ಪರೀಕ್ಷೆಯನ್ನೂ ಕಟ್ಟಿದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯ ನ್ಯಾಷನಲ್ ಕಾಲೇಜಿನ ಮೇಷ್ಟರಾಗಿದ್ದವರು ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿ 1960ರಲ್ಲಿ ನ್ಯೂಕ್ಲಿಯರ್ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದದ್ದು ಈ ವ್ಯವಸ್ಥೆಯೊಳಗೆ. ವರ್ಷಗಟ್ಟಲೆ ಪಾಠ ಹೇಳಿದವರು ಮತ್ತೆ ಬೆಂಚಿನ ಮೇಲೆ ಕೂರಬೇಕಾದ ವ್ಯವಸ್ಥೆ ಅದು.

ಸೋವಿಯತ್ ಒಕ್ಕೂಟದಲ್ಲಿ ಲೆವ್ ಲಂಡಾವ್ ತನ್ನದೇ ಒಂದು ದಾರಿ ಮಾಡಿದ. ತನ್ನ ಬಳಿ ಬರುವವರು ಮೊದಲು ಗಣಿತ, ಆಮೇಲೆ ಸೈದ್ಧಾಂತಿಕ ಭೌತಶಾಸ್ತ್ರದ ಒಂದೊಂದು ಶಾಖೆಯಲ್ಲೂ ಪರೀಕ್ಷೆ ಕೊಡಬೇಕು. ಅದಕ್ಕೆ ಅವನಿಟ್ಟ ಹೆಸರು 'ಕನಿಷ್ಠ'. 1961ರವರೆಗೆ ಆ ಕನಿಷ್ಠ ದಾಟಿದವರು ಕೇವಲ 43 ಮಂದಿ!

ನಮ್ಮಲ್ಲಿ ಕ್ಲಾಸು ಮೊದಲು ಗಟ್ಟಿಯಾಗಿ ನೆಲೆಯೂರಿದ್ದು ವಿಶ್ವವಿದ್ಯಾಲಯದಲ್ಲಲ್ಲ, ಅಣುಶಕ್ತಿ ಇಲಾಖೆಯಲ್ಲಿ. ರಿಯಾಕ್ಟರ್ ಕಟ್ಟಲು ಹೊರಟ ಹೋಮಿ ಭಾಭಾಗೆ ಎಂ.ಎಸ್ಸಿ. ಪಾಸಾದವರು ಬೇಕಾದಷ್ಟು ಸಿಗುತ್ತಿದ್ದರು. ನೇರ ಕೆಲಸಕ್ಕೆ ಇಳಿಸಬಲ್ಲವರು ಸಿಗುತ್ತಿರಲಿಲ್ಲ. 1957ರಲ್ಲಿ ಟ್ರಾಂಬೆಯಲ್ಲಿ ತರಬೇತಿ ಶಾಲೆ ಶುರುವಾಯಿತು. ಒಂದು ವರ್ಷ ಪಾಠ, ಪ್ರಯೋಗ, ಒಂದರ ಹಿಂದೊಂದು ಪರೀಕ್ಷೆ. ಆ ಶಾಲೆಯನ್ನು ಕಟ್ಟಿ ನಿಲ್ಲಿಸಿದವರಲ್ಲಿ ಮುಖ್ಯರು ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ. 2005ರಲ್ಲಿ ಹೋಮಿ ಭಾಭಾ ರಾಷ್ಟ್ರೀಯ ಸಂಸ್ಥೆ ಹುಟ್ಟಿದ ಮೇಲೆ ಈ ಒಂದು ವರ್ಷದ ಓದಿಗೆ ಪಿಎಚ್.ಡಿ. ಕೋರ್ಸ್‌ವರ್ಕ್‌ನ ಮನ್ನಣೆಯೂ ದೊರೆಯಿತು. ಮಂಚಿಕೇರಿ-ಯಲ್ಲಾಪುರ ಕಡೆಯವರಿಗೆ ಈ ಶಾಲೆ ದೂರದ ಸುದ್ದಿಯೇನಲ್ಲ: ಕೈಗಾ ಅಣುಸ್ಥಾವರ ಬೇಡವೆಂದು ಜಿಲ್ಲೆಯ ಜನ ಬೀದಿಗಿಳಿದ ದಿನಗಳಲ್ಲಿ 'ಹೆದರುವಂಥದ್ದೇನಿಲ್ಲ' ಎಂದು ಸಮಜಾಯಿಷಿ ಕೊಡುತ್ತಿದ್ದ ಇಲಾಖೆಯ ವಿಜ್ಞಾನಿಗಳಲ್ಲಿ ಹಲವರಿಗೆ ಅದೇ ತವರು.

ಇನ್ನೊಂದು ಪ್ರಯೋಗ ಬೆಂಗಳೂರಿನದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಚೆಂದದ್ದು. ಖಗೋಳ ಸಂಶೋಧನೆಗೆ ದೇಶದಲ್ಲಿ ಒಳ್ಳೊಳ್ಳೆಯ ಸಂಸ್ಥೆಗಳಿದ್ದವು. ಆದರೆ ಎಂ.ಎಸ್ಸಿ.ಯಲ್ಲಿ ನಕ್ಷತ್ರದ ಪಾಠ ಓದಿ ಬಂದ ವಿದ್ಯಾರ್ಥಿಗಳು ಇಲ್ಲವೆನ್ನುವಷ್ಟು ಕಡಿಮೆ. ಒಂದೊಂದು ಸಂಸ್ಥೆಯೂ ತನ್ನ ನಾಲ್ಕೈದು ಮಂದಿಗೆ ಪೂರಾ ಪಠ್ಯ ನಡೆಸುವುದು ಆಗದ ಮಾತು. 1982ರಲ್ಲಿ ಎಲ್ಲ ಸೇರಿ ವಿಜ್ಞಾನ ಸಂಸ್ಥೆಯಲ್ಲಿ ಜಂಟಿ ಖಗೋಳವಿಜ್ಞಾನ ಕಾರ್ಯಕ್ರಮ ಶುರುಮಾಡಿದವು. ಮೊದಲ ವರ್ಷ ಎಲ್ಲರಿಗೂ ಒಟ್ಟಿಗೆ ಪಾಠ. ಆಮೇಲೆ ಸಂಸ್ಥೆ, ಗೈಡ್ ಆಯ್ಕೆ. ಅಲ್ಲಿ ಅರ್ಣಬ್ ರಾಯ್ ಚೌಧುರಿ ಹೇಳುತ್ತಿದ್ದ ದ್ರವ ಮತ್ತು ಪ್ಲಾಸ್ಮಾ ಪಾಠವನ್ನು ನೋಡಿ. ಒಂದು ಅಣು ಇನ್ನೊಂದಕ್ಕೆ ಡಿಕ್ಕಿ ಹೊಡೆಯುವುದರಿಂದ ಆರಂಭ. ಕೋಟ್ಯಂತರ ಡಿಕ್ಕಿಗಳ ಸರಾಸರಿ ಹಿಡಿದರೆ ಹರಿಯುವ ದ್ರವದ ಸಮೀಕರಣ ಹುಟ್ಟುತ್ತದೆ. ಅದಕ್ಕೆ ಕಾಂತಕ್ಷೇತ್ರ ಸೇರಿಸಿದರೆ ಸೂರ್ಯನ ಕಲೆಗಳವರೆಗೆ ದಾರಿ. ಎಂ.ಎಸ್ಸಿ.ಯಲ್ಲಿ ಬೇರೆಬೇರೆ ಪೇಪರುಗಳಾಗಿ ಓದಿದ್ದು ಇಲ್ಲಿ ಒಂದೇ ಆಗುತ್ತದೆ. ಆ ಪಾಠದ ಟಿಪ್ಪಣಿಗಳು 1998ರಲ್ಲಿ ಕೇಂಬ್ರಿಜ್ ಪ್ರಕಟಿಸಿದ ಪಠ್ಯಪುಸ್ತಕವಾದವು.

ಕೊರತೆ ಕಂಡವರೇ ಪಾಠ ಕಟ್ಟಿದ ಕಾಲ ಅದು. 2009ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಒಂದೇ ನಿಯಮದಲ್ಲಿ ತನ್ನ ವ್ಯಾಪ್ತಿಯ ಎಲ್ಲ ಪಿಎಚ್.ಡಿ.ಗಳಿಗೂ ಕನಿಷ್ಠ ಒಂದು ಸೆಮಿಸ್ಟರ್ ಕೋರ್ಸ್‌ವರ್ಕ್ ಕಡ್ಡಾಯ ಮಾಡಿತು. ಸಂಶೋಧನಾ ವಿಧಾನ, ಕಂಪ್ಯೂಟರ್ ಬಳಕೆ, ಆ ವಿಷಯದಲ್ಲಿ ಈವರೆಗೆ ಬಂದ ಸಂಶೋಧನೆಯ ಅವಲೋಕನ. ಉದ್ದೇಶ ಒಳ್ಳೆಯದೇ. ಆದರೆ ಎಷ್ಟೋ ಕಡೆ ಇತಿಹಾಸ, ವಾಣಿಜ್ಯ, ಭೌತಶಾಸ್ತ್ರದವರನ್ನೆಲ್ಲ ಒಂದೇ ಹಾಲಿನಲ್ಲಿ ಕೂರಿಸಿ ಸಮೀಕ್ಷೆಗೆ ಪ್ರಶ್ನಾವಳಿ ತಯಾರಿಸುವುದು ಹೇಗೆಂದು ಹೇಳಿಕೊಟ್ಟರು. ಹರಳಿಗೆ ಕ್ಷಕಿರಣ ಹಾಯಿಸಿ ಅಳೆಯುವವನು ಯಾರಿಗೆ ಪ್ರಶ್ನಾವಳಿ ಹಂಚಬೇಕು? ಅವನಿಗೆ ಬೇಕಾದದ್ದು ಅಳತೆಯ ದೋಷ ಲೆಕ್ಕದುದ್ದಕ್ಕೂ ಹೇಗೆ ಹಬ್ಬುತ್ತದೆ, ನಿರ್ವಾತ ಪಂಪು ಎಲ್ಲಿ ಸೋರುತ್ತಿದೆ ಎಂದು ಹಿಡಿಯುವುದು ಹೇಗೆ ಎಂಬುದು. ಅಷ್ಟಾದರೂ ಈ ನಿಯಮದಿಂದ ಒಂದು ಉಪಕಾರವಾಯಿತು ಎನ್ನುತ್ತೇನೆ. ಸಂಶೋಧನಾ ವಿದ್ಯಾರ್ಥಿ ಗೈಡ್ ಒಬ್ಬರ ಕೈಯಲ್ಲೇ ಇರುವ ಸ್ಥಿತಿ ಹೋಗಿ, ಬೇರೆ ಅಧ್ಯಾಪಕರ ಎದುರೂ ಕೂತು ಕಲಿಯುವ, ಅವರಿಂದ ಅಂಕ ಪಡೆಯುವ ಅವಕಾಶ ಬಂತು.

ಆಮೇಲೆ ಕ್ರೆಡಿಟ್ಟಿನ ಲೆಕ್ಕ: 2016ರಲ್ಲಿ 8ರಿಂದ 16, 2022ರಲ್ಲಿ ಕನಿಷ್ಠ 12. ನಡುವೆ 2019ರ ಕೊನೆಗೆ ಸಂಶೋಧನೆ ಮತ್ತು ಪ್ರಕಟಣೆಯ ನೀತಿ ಎಂಬ ಎರಡು ಕ್ರೆಡಿಟ್‌ನ, 30 ತಾಸಿನ ಕೋರ್ಸ್ ಸೇರಿತು. 'ಕದಿಯಬಾರದು ಎಂದು ಹೇಳಲು 30 ತಾಸು ಬೇಕೆ' ಎಂದು ಗೊಣಗುವವರಿದ್ದಾರೆ. ಬೇಕು. 2002ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಯಾನ್ ಹೆಂಡ್ರಿಕ್ ಶೋನ್ ಸಿಕ್ಕಿಬಿದ್ದದ್ದು ಹೇಗೆಂದು ನೋಡಿದರೆ ಸಾಕು. ಬೇರೆಬೇರೆ ಪ್ರಯೋಗದ್ದೆಂದು ಅಚ್ಚಾದ ಗ್ರಾಫುಗಳಲ್ಲಿ ಗೆರೆಯ ಸಣ್ಣ ನಡುಕ ಕೂಡ ಒಂದೇ ತೆರನಾಗಿತ್ತು. ಆ ನಡುಕ ಆಕಸ್ಮಿಕವಾದದ್ದು. ಒಂದರಂತೆ ಇನ್ನೊಂದು ಇರುವುದು ಸಾಧ್ಯವೇ ಇಲ್ಲ. ತನಿಖೆಯವರು ಕೇಳಿದರೆ ಲ್ಯಾಬ್ ನೋಟ್‌ಬುಕ್ಕೂ ಇಲ್ಲ, ಮೂಲ ದತ್ತಾಂಶವೂ ಇಲ್ಲ. ನೋಟ್‌ಬುಕ್ ಬರೆದಿಡುವುದೂ ಕಲಿಸಿ ಬರಬೇಕಾದ ವಿದ್ಯೆ.

2022ರ ನಿಯಮ ಇನ್ನೂ ಕೆಲವು ಹೆಜ್ಜೆ ಮುಂದೆ ಹೋಯಿತು. ಎಂ.ಫಿಲ್. ರದ್ದಾಯಿತು. ಸಂಶೋಧಕರಿಗೆ ಪಾಠ ಹೇಳುವ ತರಬೇತಿಯೂ ಬೇಕು, ವಾರಕ್ಕೆ 4ರಿಂದ 6 ತಾಸು ಟ್ಯುಟೋರಿಯಲ್ಲು, ಪ್ರಯೋಗಾಲಯದ ಕೆಲಸ ವಹಿಸಬಹುದು ಎಂದಿತು. ಜೊತೆಗೆ ನಾಲ್ಕು ವರ್ಷದ ಪದವಿಯಲ್ಲಿ ಶೇಕಡಾ 75 ಪಡೆದವರು ಎಂ.ಎಸ್ಸಿ. ಇಲ್ಲದೆಯೂ ನೇರ ಪಿಎಚ್.ಡಿ. ಸೇರಬಹುದು. ಹಾಗೆ ಬಂದವರಿಗೆ ಕ್ವಾಂಟಂ, ವಿದ್ಯುತ್ಕಾಂತತೆಗಳ ಎರಡು ವರ್ಷದ ಓದನ್ನು ಕೋರ್ಸ್‌ವರ್ಕೇ ತುಂಬಿಕೊಡಬೇಕು. 12 ಕ್ರೆಡಿಟ್ಟಿನಲ್ಲಿ ಅದು ಮುಗಿಯುವ ಕೆಲಸವಲ್ಲ. ಕರ್ನಾಟಕ 2024ರಲ್ಲಿ ಮೂರು ವರ್ಷದ ಪದವಿಗೇ ಮರಳಿದ್ದರಿಂದ ನಮ್ಮ ವಿಶ್ವವಿದ್ಯಾಲಯಗಳಿಗೆ ಈ ತಲೆಬಿಸಿ ಸದ್ಯಕ್ಕೆ ಅಷ್ಟಾಗಿ ತಟ್ಟಿಲ್ಲ. ಇಲ್ಲಿಯ ಮಕ್ಕಳಿಗೆ ಎಂ.ಎಸ್ಸಿ.ಯ ಎರಡು ವರ್ಷವೂ ಬಿಡದು, ಅದರ ಮೇಲಿನ ಕ್ಲಾಸೂ ಬಿಡದು.